ಕಾಟಾ ರಿಪೇರಿಗೆ ಹೋದವನ ವಿಜಯಪುರ, ಬಾಗಲಕೋಟೆ ತಿರುಗಾಟ

ನನ್ನ ಕೆಲಸ ತೂಕದ ಯಂತ್ರಗಳ ಸರ್ವಿಸ್. ಸಕ್ಕರೆ ಕಾರ್ಖಾನೆ, ಕೋಲ್ಡ್ ಸ್ಟೋರೇಜ್, ಎಪಿಎಂಸಿ, ಎಲ್ಲೆಲ್ಲಿ ಲಾರಿ ತೂಗುವ ಕಾಟಾ ಇದೆಯೋ ಅಲ್ಲಿಗೆಲ್ಲ ಹೋಗಬೇಕು. ಊರು ತುಮಕೂರು, ಓಡಾಟ ಮಾತ್ರ ಜಾಸ್ತಿ ವಿಜಯಪುರ, ಬಾಗಲಕೋಟೆ ಕಡೆಗೆ. ಕಂಪನಿ ಬಸ್ ಚಾರ್ಜು ಕೊಡುತ್ತದೆ, ಲಾಡ್ಜ್ ಬಾಡಿಗೆ ಕೊಡುತ್ತದೆ, ಊಟಕ್ಕೆ ಇಷ್ಟು ಅಂತ ಕೊಡುತ್ತದೆ. ಊರು ನೋಡಿಕೊಂಡು ಬಾ ಅಂತ ರಜೆ ಯಾರೂ ಕೊಡುವುದಿಲ್ಲ. ಆದರೂ ಆ ಎರಡು ಜಿಲ್ಲೆಗಳನ್ನು ನಾನು ಚೆನ್ನಾಗಿಯೇ ನೋಡಿದ್ದೇನೆ. "ಕೆಲಸಕ್ಕೆ ಹೋದವನು ಬಾದಾಮಿ ಫೋಟೋ ಹೇಗೆ ಹಾಕ್ತೀಯ ಮಾರಾಯ" ಎಂದು ಆಫೀಸಿನಲ್ಲಿ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪಾಲಿಸುವುದು ಒಂದೇ ಲೆಕ್ಕ. ಗುಡಿ, ಗುಮ್ಮಟ ಬೆಳಿಗ್ಗೆ. ಹೊಲ, ತೋಟ ಸಂಜೆ. ಕಾರ್ಖಾನೆಯಲ್ಲಾಗಲಿ ಎಪಿಎಂಸಿಯಲ್ಲಾಗಲಿ ನಮ್ಮನ್ನು ಮಾತಾಡಿಸುವ ಮ್ಯಾನೇಜರ್ ಹತ್ತು ಗಂಟೆಗೆ ಮುಂಚೆ ಸಿಗುವುದಿಲ್ಲ. ಅಲ್ಲಿಯವರೆಗಿನ ಹೊತ್ತು ನನ್ನದು. ಸಂಜೆ ಆಳುಗಳು ಮನೆಗೆ ಹೊರಟ ಮೇಲೆ ರೈತರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಮಧ್ಯಾಹ್ನದ ಹೊತ್ತು ಎರಡಕ್ಕೂ ಆಗುವುದಿಲ್ಲ, ಫೆಬ್ರುವರಿ ದಾಟಿದರೆ ಅಲ್ಲಿನ ಬಿಸಿಲಲ್ಲಿ ಕಲ್ಲಿನ ಮೇಲೆ ಕಾಲಿಡಲೂ ಆಗುವುದಿಲ್ಲ.

ಎಲ್ಲಿ ಉಳಿದುಕೊಳ್ಳುತ್ತೀರಿ ಅನ್ನುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬಾಗಲಕೋಟೆಯಲ್ಲಿ ಕೆಲಸ ಇದ್ದರೆ ಎಲ್ಲರೂ ನವನಗರದಲ್ಲಿ ಲಾಡ್ಜ್ ಹಿಡಿಯುತ್ತಾರೆ. ನವನಗರ ಅಚ್ಚುಕಟ್ಟಾದ ಊರು, ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಬಹಳಷ್ಟು ಭಾಗ ಹೋದ ಮೇಲೆ ಕಟ್ಟಿದ್ದು, ಆದರೆ ಬೆಳಿಗ್ಗೆ ಎದ್ದು ನೋಡಲು ಅಲ್ಲೇನಿದೆ? ನಾನು ಸಂಜೆಯ ಬಸ್ಸೋ ರೈಲೋ ಹಿಡಿದು ಬಾದಾಮಿಗೆ ಹೋಗಿ ಮಲಗುತ್ತೇನೆ. ರೈಲಾದರೆ ಒಂದು ಗಂಟೆಯೂ ಬೇಡ. ಸ್ಟೇಷನ್ ಮಾತ್ರ ಊರಿಂದ ದೂರ, ಶೇರ್ ಆಟೋ ಸಿಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಎದ್ದು ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಯವರೆಗೆ ನಡೆದರೆ ಸಾಕು. ಕೆಂಪು ಬಂಡೆ, ನೀರು, ಬಟ್ಟೆ ಒಗೆಯುವವರ ಸದ್ದು. ಟೂರಿಸ್ಟ್ ಬಸ್ಸುಗಳು ಇನ್ನೂ ಬಂದಿರುವುದಿಲ್ಲ. ಮಂಗಗಳು ಮಾತ್ರ ಇರುತ್ತವೆ, ಕೈಯಲ್ಲಿ ಕವರ್ ಹಿಡಿದು ಹೋಗಬೇಡಿ. ನಾಷ್ಟಾ ಮುಗಿಸಿ ಬಸ್ ಹತ್ತಿದರೆ ಹತ್ತಕ್ಕೆ ಬಾಗಲಕೋಟೆ. ಲಾಡ್ಜ್ ಬಿಲ್ಲು ಬಾದಾಮಿಯದಾದರೂ ನಮ್ಮ ಅಕೌಂಟ್ಸ್‌ನವರು ತಕರಾರು ಮಾಡಿಲ್ಲ, ಏಕೆಂದರೆ ನವನಗರಕ್ಕಿಂತ ಜಾಸ್ತಿ ಬಾಡಿಗೆಯ ರೂಮು ನಾನು ಹಿಡಿಯುವುದಿಲ್ಲ, ಓಡಾಟದ ಚಾರ್ಜನ್ನು ನನ್ನ ಜೇಬಿನಿಂದಲೇ ಹಾಕಿಕೊಳ್ಳುತ್ತೇನೆ. ಈ ಲೆಕ್ಕವನ್ನು ಮೊದಲ ದಿನದಿಂದಲೇ ಬೇರೆ ಇಟ್ಟರೆ ಮುಂದೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಬಾದಾಮಿಯ ಗುಹೆಗಳನ್ನು ಹೀಗೆ ಗಡಿಬಿಡಿಯಲ್ಲಿ ನೋಡಬಾರದು. ಶನಿವಾರ ಕೆಲಸ ಮುಗಿದರೆ ಭಾನುವಾರ ಪೂರ್ತಿ ಅದಕ್ಕೂ ಸುತ್ತಲಿನ ಗುಡಿಗಳಿಗೂ ಇಡಿ. ಮೊದಲು ಪಟ್ಟದಕಲ್ಲು, ಅಲ್ಲಿನ ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲು ನೇರ ಕಂಬಗಳ ಮೇಲೆ ಬೀಳುತ್ತದೆ. ಗಂಡ, ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದದ್ದಕ್ಕೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಆಮೇಲೆ ಐಹೊಳೆ. ಅಲ್ಲಿ ದುರ್ಗ ಗುಡಿ ನೋಡಿ ವಾಪಸ್ ಹೊರಡುವವರೇ ಜಾಸ್ತಿ, ಮೇಗುತಿ ಗುಡ್ಡ ಹತ್ತುವುದಿಲ್ಲ. ಹತ್ತಿ. 634ರ ರವಿಕೀರ್ತಿಯ ಶಾಸನ ಅಲ್ಲಿಯದು, ಪುಲಿಕೇಶಿ ಹರ್ಷನನ್ನು ತಡೆದ ಕಥೆ ನಮಗೆ ಗೊತ್ತಾಗಿರುವುದು ಅದರಿಂದ. ಮಧ್ಯಾಹ್ನದ ಮೇಲೆ ಬಾದಾಮಿ ಗುಹೆ. ಮೂರನೇ ಗುಹೆಯಲ್ಲಿ 578ರ ಮಂಗಳೇಶನ ಶಾಸನ ಇದೆ, ಆದರೆ ನಾನು ಅಲ್ಲಿ ನಿಲ್ಲುವುದು ಶಾಸನಕ್ಕಲ್ಲ, ಕಂಬಗಳ ಮೇಲಿನ ಜೋಡಿಗಳನ್ನು ನೋಡಲು. ಊಟಕ್ಕೆ ಹೋಟೆಲ್ ಹುಡುಕಬೇಡಿ. ಬನಶಂಕರಿ ಗುಡಿಯ ಮುಂದೆ ಬುಟ್ಟಿ ಹೊತ್ತು ಬರುವ ಅಮ್ಮಂದಿರು ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು ಬಡಿಸುತ್ತಾರೆ. "ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ" ಅಂದರೆ ಬೇಡ ಅನ್ನಲು ನನ್ನಿಂದ ಆಗಿಲ್ಲ.

ವಿಜಯಪುರದಲ್ಲಿ ಗೋಳಗುಮ್ಮಟಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. ಮೂಲೆಯ ಗೋಪುರದೊಳಗಿನ ಕಡಿದಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಗುಮ್ಮಟದ ಬುಡದಲ್ಲಿ ಸುತ್ತಲೂ ಮೊಗಸಾಲೆ. ಒಂದು ಕಡೆ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರಿನ ಕಡೆ ಕಿವಿಗೆ ಬಂದು ಬೀಳುತ್ತದೆ. ಶಾಲೆಯ ಟೂರ್ ಬಂದ ಮೇಲೆ ಅಲ್ಲಿ ಕೇಳಿಸುವುದು ಚೀರಾಟ ಮಾತ್ರ. ಬೆಳಿಗ್ಗೆ ನಾನು ಮತ್ತು ಕಾವಲಿನವರು, ಇಬ್ಬರೇ. ಅವರು ಆ ಕಡೆ ನಿಂತು ಕಾಗದ ಹರಿದರು, ಈ ಕಡೆ ಕೇಳಿಸಿತು. 1656ರಲ್ಲಿ ಮುಗಿದ ಕಟ್ಟಡ, ನಡುವೆ ಒಂದೇ ಒಂದು ಕಂಬ ಇಲ್ಲ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಅನ್ನುವುದೇ ನನ್ನ ಕಸುಬು, ಹಾಗಾಗಿ ಒಳಗೆ ನಿಂತು ಆ ಒಂದರೊಳಗೊಂದು ಹೆಣೆದ ಕಮಾನುಗಳನ್ನೇ ನೋಡುತ್ತಿರುತ್ತೇನೆ. ಮುಂದಿರುವ ಮ್ಯೂಸಿಯಂ ಶುಕ್ರವಾರ ರಜೆ, ನೆನಪಿರಲಿ.

ನನ್ನನ್ನು ಕೇಳಿದರೆ ಇಬ್ರಾಹಿಂ ರೋಜಾ ಇನ್ನೂ ಚಂದ. ಒಂದೇ ಕಟ್ಟೆಯ ಮೇಲೆ ಗೋರಿ ಒಂದು ಕಡೆ, ಮಸೀದಿ ಒಂದು ಕಡೆ, ನಡುವೆ ಕಾರಂಜಿಯ ತೊಟ್ಟಿ. ಗಲಾಟೆ ಕಮ್ಮಿ. ಮಲಿಕ್ ಎ ಮೈದಾನ್ ತೋಪು, ಉಪಲಿ ಬುರುಜು, ಬಾರಾ ಕಮಾನ್ ಎಲ್ಲ ದಾರಿಯಲ್ಲೇ ಸಿಗುತ್ತವೆ, ಒಂದು ಆಟೋದಲ್ಲಿ ಮುಗಿಯುತ್ತವೆ.

ಇಲ್ಲಿಯವರೆಗೆ ಹೇಳಿದ್ದು ಯಾರು ಬೇಕಾದರೂ ಮಾಡಬಹುದು. ತೋಟದ ವಿಷಯ ಹಾಗಲ್ಲ. ಗುಮ್ಮಟಕ್ಕೆ ಟಿಕೆಟ್ ತೆಗೆದುಕೊಂಡರೆ ಆಯಿತು, ತೋಟಕ್ಕೆ ಮನುಷ್ಯ ಬೇಕು. ರಸ್ತೆ ಪಕ್ಕದಲ್ಲಿ ದ್ರಾಕ್ಷಿ ಚೆನ್ನಾಗಿ ಕಾಣಿಸಿತು ಅಂತ ಬೈಕ್ ನಿಲ್ಲಿಸಿ ಒಳಗೆ ಹೋಗುವುದು ಸರಿಯಲ್ಲ. ನನಗೆ ದಾರಿ ಸಿಕ್ಕಿದ್ದು ಕೆಲಸದ ಜಾಗದಲ್ಲೇ. ಕಾಟಾದ ಹತ್ತಿರ ಲಾರಿ, ಟ್ರ್ಯಾಕ್ಟರ್ ಸಾಲಾಗಿ ನಿಂತಿರುತ್ತವೆ, ನಾವು ಪರೀಕ್ಷೆಯ ತೂಕದ ಕಲ್ಲುಗಳು ಬರುವವರೆಗೆ ಸುಮ್ನೆ ಕಾಯುತ್ತಿರುತ್ತೇವೆ. ಆಗ ಮಾತು ಶುರುವಾಗುತ್ತದೆ. ಕೋಲ್ಡ್ ಸ್ಟೋರೇಜಿನ ಸೂಪರ್‌ವೈಸರ್‌ಗಳಿಗೆ ಎಲ್ಲ ಬೆಳೆಗಾರರೂ ಗೊತ್ತು. "ತ್ವಾಟಾ ನೋಡಬೇಕಂತಾರ, ಕರ್ಕೊಂಡ್ ಹೋಗ್ರಿ ಕಾಕಾ" ಎಂದು ಅವರು ಒಂದು ಮಾತು ಹಾಕಿದರೆ ಕೆಲಸ ಆಯಿತು. ಆಮೇಲೆ ಹಿಂದಿನ ದಿನ ಫೋನ್ ಮಾಡಿ ಹೊತ್ತು ಕೇಳಿಕೊಂಡೇ ಹೋಗುತ್ತೇನೆ.

ನಾನು ಕಾಟಾದವನು ಅಂತ ಗೊತ್ತಾದ ಕೂಡಲೇ ಒಂದು ಸುತ್ತು ಬೈಗುಳ ಇದ್ದೇ ಇದೆ. "ಹೊಲದಾಗ ಕಬ್ಬ ಭಾರ ಇರ್ತೈತಿ, ನಿಮ್ಮ ಕಾಟಾದ ಮ್ಯಾಲ ಹೋದ್ರ ಹಗರ ಆಗ್ತೈತಿ, ಅದೆಂಗ್ರೀ ಸರ?" ಇದಕ್ಕೆ ವಾದ ಮಾಡಲು ಹೋಗಬಾರದು. ಕಾಟಾ ಸರಿ ಇದೆಯೋ ಇಲ್ಲವೋ ರೈತರೇ ಹೇಗೆ ನೋಡಬಹುದು, ಖಾಲಿ ಇದ್ದಾಗ ಸೊನ್ನೆ ತೋರಿಸುತ್ತದೆಯಾ, ಈ ವರ್ಷದ ಮುದ್ರೆ ಬಿದ್ದಿದೆಯಾ, ಗಾಡಿಯ ಎಲ್ಲ ಗಾಲಿಗಳೂ ಮೇಲೆ ಇವೆಯಾ, ಇಷ್ಟು ಹೇಳಿಕೊಡುತ್ತೇನೆ. ನಾನು ನೋಡಲು ಬಂದವನು, ಅವರಿಗೂ ನನ್ನಿಂದ ಏನಾದರೂ ಸಿಗಬೇಕಲ್ವಾ? ಅದಾದ ಮೇಲೆ ತೋಟ ತೋರಿಸುವ ರೀತಿಯೇ ಬೇರೆ.

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ನೋಡಬೇಕಾದರೆ ಯಾವ ತಿಂಗಳು ಅನ್ನುವುದು ಮುಖ್ಯ. ಏಪ್ರಿಲ್ ಸುಮಾರಿಗೆ ಒಂದು ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಅದು ಕಡ್ಡಿ ಬೆಳೆಯಲು. ಅಕ್ಟೋಬರ್ ಸುಮಾರಿಗೆ ಇನ್ನೊಂದು, ಅದು ಹಣ್ಣಿಗೆ. ಅಕ್ಟೋಬರ್ ಚಾಟ್ನಿ ಆದ ಮೇಲಿನ ವಾರಗಳಲ್ಲಿ ಹೋಗಬೇಡಿ. ಮಳೆ ಬಂದರೆ ಎಲೆಗೆ ರೋಗ ಬರುತ್ತದೆ, ಹಗಲು ರಾತ್ರಿ ಔಷಧ ಹೊಡೆಯುತ್ತಿರುತ್ತಾರೆ, ಯಾರಿಗೂ ನಿಮ್ಮ ಜೊತೆ ನಿಲ್ಲಲು ಹೊತ್ತಿಲ್ಲ, ನಿಮ್ಮ ಮೈಗೂ ಒಳ್ಳೆಯದಲ್ಲ. ಫೆಬ್ರುವರಿ, ಮಾರ್ಚ್ ಸರಿಯಾದ ಕಾಲ. ಆಗ ಒಣದ್ರಾಕ್ಷಿ ಶೆಡ್‌ಗಳೂ ನಡೆಯುತ್ತಿರುತ್ತವೆ. ತೋಟಕ್ಕಿಂತ ಶೆಡ್ ನೋಡುವುದೇ ನನಗೆ ಇಷ್ಟ.

ಗೊಂಚಲು ಕೊಯ್ಯುವ ಮುಂಚೆ ಎರಡು ಹನಿ ರಸ ಹಿಂಡಿ ಒಂದು ಸಣ್ಣ ಕೊಳವೆಯಂಥ ಉಪಕರಣದಲ್ಲಿ ನೋಡಿ ಸಿಹಿ ಅಳೆಯುತ್ತಾರೆ. ಆ ಸಿಹಿಯ ಅಳತೆಗೆ ಬ್ರಿಕ್ಸ್ ಅಂತಾರೆ, ಅದು ಇಪ್ಪತ್ತು ದಾಟಿರಬೇಕು. ಕಮ್ಮಿ ಇದ್ದರೆ ಒಣಗಿದ ಮೇಲೆ ತೂಕ ಬರುವುದಿಲ್ಲ. ಸಾಮಾನ್ಯವಾಗಿ ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಆಗುತ್ತದೆ. ಕೊಯ್ದ ಗೊಂಚಲನ್ನು ಕ್ರೇಟಿನ ಸಮೇತ ದೊಡ್ಡ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ನೀರಿಗೆ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಹಾಕಿರುತ್ತಾರೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದಂಥ ಪದರ ಇರುತ್ತದಲ್ಲ, ಅದು ಸಡಿಲವಾಗಿ ಒಳಗಿನ ನೀರು ಬೇಗ ಹೊರಗೆ ಹೋಗುತ್ತದೆ. ಆಮೇಲೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರಡುತ್ತಾರೆ. ಮೇಲೆ ನೆರಳು, ಪಕ್ಕಕ್ಕೆಲ್ಲ ಗಾಳಿ. ಎರಡು ವಾರ, ಸ್ವಲ್ಪ ಹೆಚ್ಚು ಕಮ್ಮಿ. ಹಸಿರು ಹೋಗದೆ ಒಣಗಿದರೆ ಒಳ್ಳೆ ರೇಟು. ನಡುವೆ ಅಕಾಲ ಮಳೆ ಬಂತೋ, ಬಣ್ಣ ಕಪ್ಪಾಗುತ್ತದೆ, ವರ್ಷದ ದುಡಿಮೆ ಹೋಯಿತು. ಮೋಡ ಕವಿದ ಸಂಜೆ ಶೆಡ್ಡಿಗೆ ಹೋಗಿದ್ದೆ, ಯಾರೂ ನನ್ನ ಮುಖ ನೋಡಲಿಲ್ಲ, ಎಲ್ಲರ ಕಣ್ಣೂ ಪಡುವಣದ ಕಡೆಗೇ. ಟಾರ್ಪಾಲಿನ್ ಒಂದು ತುದಿ ನಾನೂ ಹಿಡಿದೆ.

ಅಲ್ಲಿ ಒಳ್ಳೆ ಮಾತು ಹುಟ್ಟಿಸಬೇಕಾದರೆ ನೀರಿನ ಬಗ್ಗೆ ಕೇಳಿ. ಬರದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿ ಉಳಿಸಿಕೊಂಡವರು ಅವರು. ಡಾಗ್ರಿಜ್ ಅನ್ನುವ ದ್ರಾಕ್ಷಿ ತಳಿಯ ಬೇರಿನ ಮೇಲೆ ಕಸಿ ಕಟ್ಟುವುದು ಏಕೆ ಅಂದರೆ ಉಪ್ಪು ನೀರು, ನೀರಿನ ಕೊರತೆ ಎರಡನ್ನೂ ಅದು ತಡೆಯುತ್ತದೆ. ತೋಟದ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಏತ ನೀರಾವರಿ ಕಾಲುವೆ ಯಾವಾಗ ಬಂತು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದರು, ಹೀಗೆ ಕತ್ತಲಾಗುವವರೆಗೂ ಮಾತು. ಬೆಳಿಗ್ಗೆ ವಿಜಯಪುರದ ಹಳೇ ಬಾವಿ ತಾಜ್ ಬಾವಡಿ ನೋಡಿ ಸಂಜೆ ಆ ಹೊಂಡದ ದಂಡೆಯಲ್ಲಿ ಕೂತರೆ ಆದಿಲಶಾಹಿಗಳು ಬೇಗಂ ತಲಾಬ್ ಕೆರೆಯಿಂದ ನೆಲದೊಳಗೆ ಕೊಳವೆ ಹಾಕಿ ಊರಿಗೆ ನೀರು ತಂದದ್ದು ಏಕೆ ಅಂತ ಪುಸ್ತಕ ಓದದೆಯೇ ತಿಳಿಯುತ್ತದೆ. "ಎಕರೆಗೆ ಎಷ್ಟು ಉಳಿಯುತ್ತೆ" ಎಂದು ಮಾತ್ರ ಕೇಳಬೇಡಿ. ನಮ್ಮ ಸಂಬಳ ಯಾರಾದರೂ ಮೊದಲ ಭೇಟಿಯಲ್ಲೇ ಕೇಳಿದರೆ ಹೇಗಿರುತ್ತದೆ?

ಇನ್ನು ಕೆಲವು ಸಣ್ಣ ವಿಷಯ. ಬಳ್ಳಿಯಿಂದ ನೀವೇ ಕಿತ್ತು ತಿನ್ನಬೇಡಿ, ಔಷಧ ಯಾವತ್ತು ಹೊಡೆದಿದ್ದಾರೆ ಅನ್ನುವುದು ಅವರಿಗೇ ಗೊತ್ತು, ಅವರು ಕೊಟ್ಟದ್ದನ್ನು ತೊಳೆದು ತಿನ್ನಿ. ದಾಳಿಂಬೆ ತೋಟಕ್ಕೆ ಇನ್ನೂ ಜೋಪಾನ. ದುಂಡಾಣು ಅಂಗಮಾರಿ ರೋಗ ಒಂದು ತೋಟದಿಂದ ಇನ್ನೊಂದಕ್ಕೆ ಕೈ, ಕತ್ತರಿ, ಬಟ್ಟೆಗಳ ಜೊತೆಗೂ ಹೋಗುತ್ತದೆ. ಒಂದೇ ದಿನ ಎರಡು ದಾಳಿಂಬೆ ತೋಟಕ್ಕೆ ನಾನು ಹೋಗುವುದಿಲ್ಲ, ಗಿಡ ಮುಟ್ಟುವುದೂ ಇಲ್ಲ. ಚಹಾ ಕೊಟ್ಟರೆ ಬೇಡ ಅನ್ನಬೇಡಿ, ಸಕ್ಕರೆ ಜಾಸ್ತಿ ಇರುತ್ತದೆ, ಕುಡಿಯಿರಿ. ಕೆಲಸದ ಹೆಣ್ಣುಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ.

ಮುಧೋಳ, ಮಹಾಲಿಂಗಪುರ ಕಡೆ ಕೆಲಸ ಬಿದ್ದರೆ ಬೆಲ್ಲದ ಗಾಣ ನೋಡಿ. ಅದಕ್ಕೆ ಇಷ್ಟು ತಯಾರಿ ಬೇಡ, ಹೊಗೆ ಕಂಡ ಕಡೆ ಹೋಗಿ ನಿಂತು ಕೇಳಿದರೆ ಬರ್ರಿ ಅಂತಾರೆ. ಕುದಿಯುವ ಕಡಾಯಿಯ ಹತ್ತಿರ ಹೋಗದಿದ್ದರೆ ಸಾಕು. ಮುಧೋಳ ನಾಯಿ ನೋಡಬೇಕು ಅನ್ನುವವರು ತಿಮ್ಮಾಪುರದ ಸಂಶೋಧನಾ ಕೇಂದ್ರಕ್ಕೆ ಮೊದಲೇ ಕೇಳಿ ಹೋಗಿ. ಜನವರಿ ಸುಮಾರಿಗೆ ಯಾವ ಹಳ್ಳಿಯಲ್ಲಿದ್ದರೂ ಸೀತನಿ ಸಿಗುತ್ತದಾ ಎಂದು ವಿಚಾರಿಸಿ, ಎಳೆ ಜೋಳದ ತೆನೆಯನ್ನು ಹೊಲದಲ್ಲೇ ಸುಟ್ಟು ಉಜ್ಜಿ ಕೊಡುತ್ತಾರೆ. ಬಿಸಿ ಇರುವಾಗಲೇ ತಿನ್ನಬೇಕು, ಪ್ಯಾಕ್ ಮಾಡಿಕೊಂಡು ಬರುವಂಥದ್ದಲ್ಲ.

ಬರುವಾಗ ಖಾಲಿ ಕೈಯಲ್ಲಿ ಬರುವುದಿಲ್ಲ, ಪುಕ್ಕಟೆಯೂ ತರುವುದಿಲ್ಲ. ಹಣ ತೆಗೆದುಕೊಳ್ಳಲು ಒಪ್ಪುವುದಿಲ್ಲ ಬಹಳ ಜನ. ಅದಕ್ಕೆ ಮೊದಲೇ "ನನಗೆ ಎರಡು ಕಿಲೋ ಬೇಕಿತ್ತು, ಪೇಟೆ ರೇಟಿಗೆ ಕೊಟ್ಟರೆ ಮಾತ್ರ ಒಯ್ತೀನಿ" ಎಂದು ಹೇಳಿಬಿಡುತ್ತೇನೆ. ಶೆಡ್ಡಿನಿಂದ ತಂದ ಒಣದ್ರಾಕ್ಷಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಹೊರಗಿಟ್ಟರೆ ಮಳೆಗಾಲದ ಹೊತ್ತಿಗೆ ಬಣ್ಣ ತಿರುಗಿ ಅಂಟಂಟಾಗುತ್ತದೆ, ಹುಳವೂ ಬರಬಹುದು.