ಬ್ಯಾಂಕ್ ಖಾತೆ ಬಿಟ್ಟು ಕಾಳಗದಿಂದ ಕಲಿಸಿದ ಓಓಪಿ: ನನ್ನ ಅನುಭವ

ಓಓಪಿ ಅಂದರೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್: ಮಾಹಿತಿಯನ್ನೂ ಅದರ ಕೆಲಸವನ್ನೂ ಒಟ್ಟಿಗೆ ಕಟ್ಟಿ ಪ್ರೋಗ್ರಾಂ ಬರೆಯುವ ಪದ್ಧತಿ. ಅದರ ಪಾಠದಲ್ಲಿ ಕ್ಲಾಸು (ಅಚ್ಚು), ಆಬ್ಜೆಕ್ಟು (ಅಚ್ಚಿನಿಂದ ತೆಗೆದ ವಸ್ತು) ಅಂದ ಕೂಡಲೇ ಉದಾಹರಣೆಗೆ ಬರುವುದು ಬ್ಯಾಂಕ್ ಖಾತೆ, ಇಲ್ಲವೇ ಬೊಗಳುವ ನಾಯಿ. ಅದರಿಂದ ಪರೀಕ್ಷೆ ಪಾಸಾಗುತ್ತದೆ, ಕೈ ಪಳಗುವುದಿಲ್ಲ. ವಿಜಯಪುರ, ಕಲಬುರಗಿ ಕಡೆಯಿಂದ ಪುಣೆ ಹತ್ತಿರದ ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಿಗೆ ಬಂದ ಡಿಪ್ಲೊಮಾ ಹುಡುಗರಿಗೆ ಭಾನುವಾರ ಭಾನುವಾರ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಾಳಗದ ಆಟ ಬರೆಸತೊಡಗಿದಾಗ ಅಲ್ಲೇ ಹತ್ತಿರದ ಹಿಂಜವಡಿಯ ಐಟಿ ಕಂಪನಿಗಳ ಅನುಭವಿಗಳು, ‘ಆಟ ಆಡಿಸಿದ್ರ ಕೆಲಸ ಬರ್ತದೇನ್ರಿ?’ ಅಂದರು. ಬಂತು. ಈಗ ಅವರಲ್ಲೇ ಕೆಲವರು ತಮ್ಮ ಹೊಸಬರಿಗೆ ಇದೇ ಕಾಳಗ ಕೊಡುತ್ತಿದ್ದಾರೆ.

ನಮಗೆ ಆಗ ಆದ ಖರ್ಚು: ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, ಹದಿಮೂರು ಸಾವಿರದ ಆಸುಪಾಸು. 4 ಜಿಬಿ ಮೆಮೊರಿ ಸಾಕು, ಕೋಡ್ ಬರೆಯುವ ಥಾನಿ ಎಡಿಟರ್ ಪುಕ್ಕಟೆ. ಚಿತ್ರದ ಆಟ ಕಟ್ಟುವ ಪೈಗೇಮ್ ಸಲಕರಣೆ ಹಿಡಿದು ಚಿತ್ರಗಳ ಪ್ಯಾಕಿಗೆ ಎಂಟುನೂರು ಚಿಲ್ಲರೆ ಸುರಿದ ತಂಡ ಕತ್ತಿ ಬೀಸುವ ಚಿತ್ರ ಸರಿಮಾಡುತ್ತಲೇ ಕೂತಿತು, ಒಂದು ಕ್ಲಾಸೂ ನೆಟ್ಟಗಾಗಲಿಲ್ಲ. ಹಾಗಾಗಿ ಬರೀ ಅಕ್ಷರ, ಕಪ್ಪು ಪರದೆ.

ಮೊದಲು ಒಂದೇ ಕ್ಲಾಸು, ಇಬ್ಬರು ಮಲ್ಲರು. ಪ್ರಾಣ 100, ಏಟು 20, ತಡೆ 5. ಏಟಿನಿಂದ ತಡೆ ಕಳೆದರೆ 15, ಏಳನೇ ಹೊಡೆತಕ್ಕೆ ಎದುರಾಳಿ ಮಲಗುತ್ತಾನೆ. ಈಗ ಏಟು 12, ತಡೆ 15 ಕೊಡಿ: ಉತ್ತರ ಮೈನಸ್ 3, ಹೊಡೆದಷ್ಟೂ ಎದುರಾಳಿ ದಷ್ಟಪುಷ್ಟ! ಕನಿಷ್ಠ 1 ಅಂತ ಕಟ್ಟು ಹಾಕಿದರೆ ಪಂದ್ಯ ನೂರು ಹೊಡೆತಕ್ಕೆ ಎಳೆಯುತ್ತದೆ. ನಾನು ಇಟ್ಟ ಲೆಕ್ಕ ಬೇರೆ: ಏಟಿನ ವರ್ಗವನ್ನು ಏಟು-ತಡೆಗಳ ಮೊತ್ತದಿಂದ ಭಾಗಿಸುವುದು. ಮೊದಲ ಜೋಡಿಗೆ 16, ಎರಡನೆಯದಕ್ಕೆ 5 ಚಿಲ್ಲರೆ. ಈ ಲೆಕ್ಕ ಕ್ಲಾಸಿನೊಳಗಿನ ಒಂದೇ ಕೆಲಸದ ತುಣುಕಿನಲ್ಲಿ, ಅಂದರೆ ಒಂದೇ ಮೆಥಡ್‌ನಲ್ಲಿದ್ದರೆ ಬದಲಿಸುವುದು ಒಂದು ಸಾಲಿನ ಕೆಲಸ. ಎನ್‌ಕ್ಯಾಪ್ಸುಲೇಷನ್ (ಒಳಗಿನ ಲೆಕ್ಕವನ್ನು ಕ್ಲಾಸಿನೊಳಗೇ ಮುಚ್ಚಿಡುವುದು) ಬಗ್ಗೆ ಭಾಷಣ ಬೇಕಾಗಲಿಲ್ಲ.

ಇನ್‌ಹೆರಿಟೆನ್ಸನ್ನು (ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಕ್ಲಾಸು ಪಡೆಯುವುದು) ಆದಷ್ಟು ತಡಮಾಡಿ. ಬೇಗ ಕಲಿಸಿದರೆ ಕತ್ತಿಯ ಮಲ್ಲ, ಬಿಲ್ಲಿನ ಮಲ್ಲ, ಕತ್ತಿಯ ಮಾಂತ್ರಿಕ ಅಂತ ಸಂತಾನ ಬೆಳೆಯುತ್ತದೆ: ಮೂರು ಬಗೆಯ ಆಳು, ನಾಲ್ಕು ಆಯುಧ, ಹನ್ನೆರಡು ಕ್ಲಾಸು. ಆಯುಧವನ್ನೇ ಬೇರೆ ಆಬ್ಜೆಕ್ಟ್ ಮಾಡಿ ಆಳಿನ ಕೈಗೆ ಕೊಟ್ಟರೆ ಏಳರಲ್ಲಿ ಮುಗಿಯಿತು, ನಡುಪಂದ್ಯದಲ್ಲಿ ಕತ್ತಿ ಮುರಿಸಲೂಬಹುದು. ಮಾಂತ್ರಿಕನಿಗೆ ಸ್ವಂತ ಇನಿಟ್ (ಆಬ್ಜೆಕ್ಟು ಹುಟ್ಟುವಾಗ ಓಡುವ ಮೆಥಡ್) ಬರೆದವರು, ಮೂಲ ಕ್ಲಾಸಿನ ಇನಿಟ್ ಓಡಿಸುವ ಸೂಪರ್ ಕರೆಯುವುದನ್ನು ಬಿಡುತ್ತಾರೆ. ಮೊದಲ ಏಟಿಗೇ ‘ಪ್ರಾಣ’ ಎಂಬ ಆಟ್ರಿಬ್ಯೂಟೇ ಇಲ್ಲವೆಂಬ ಎರರ್. ಬೀಳಲಿ ಬಿಡಿ, ಆಮೇಲೆ ಮರೆಯುವುದಿಲ್ಲ.

ಎಲ್ಲರನ್ನೂ ಹೆಚ್ಚು ಕಾಡಿದ್ದು ಮದ್ದಿನ ಚೀಲ. ಖಾಲಿ ಲಿಸ್ಟನ್ನು (ಪಟ್ಟಿ) ಇನಿಟ್ ಒಳಗೆ ಮಾಡದೆ ಕ್ಲಾಸಿನ ಮೈಯಲ್ಲೇ ಬರೆದರೆ ಇಬ್ಬರಿಗೂ ಒಂದೇ ಚೀಲ. ಒಬ್ಬ ಮದ್ದು ಕುಡಿದರೆ ಇನ್ನೊಬ್ಬನ ಚೀಲದಲ್ಲಿ ಕಮ್ಮಿ. ತಂಡದ ಕಾಳಗದಲ್ಲಿ ಇನ್ನೊಂದು: ಲೂಪ್ (ಪಟ್ಟಿಯಲ್ಲಿದ್ದವರನ್ನು ಒಬ್ಬೊಬ್ಬರಾಗಿ ತೆಗೆದುಕೊಳ್ಳುವ ಸುತ್ತು) ಓಡುತ್ತಿರುವಾಗಲೇ ಸತ್ತವನನ್ನು ಅದೇ ಲಿಸ್ಟಿನಿಂದ ತೆಗೆದರೆ ಅವನ ನಂತರದವನ ಸರದಿ ಹಾರಿಹೋಗುತ್ತದೆ. ಲಿಸ್ಟಿನ ನಕಲಿನ ಮೇಲೆ ಲೂಪ್ ಓಡಿಸಿ.

ಆಮೇಲೆ ಹತ್ತು ಸಾವಿರ ಪಂದ್ಯ ಓಡಿಸಲು ಹೇಳುತ್ತೇನೆ. ಮಲ್ಲನ ಕ್ಲಾಸಿನಲ್ಲೇ ಪ್ರಿಂಟ್ (ಪರದೆಗೆ ಬರೆಯುವ ಆಜ್ಞೆ) ತುರುಕಿದವರ ಪರದೆ ಸುರಿಯುತ್ತಲೇ ಇರುತ್ತದೆ. ವರದಿ ಮಾಡಲು ಬೇರೆ ಕ್ಲಾಸು ಏಕೆ ಬೇಕೆಂದು ಆಗ ತಾವೇ ಕೇಳುತ್ತಾರೆ. ಎಲ್ಲದರಲ್ಲೂ ಸಮಾನರಾದ ಇಬ್ಬರು, ಏಟು 12ರಿಂದ 20ರೊಳಗೆ ಯಾವುದಾದರೂ: ಮೊದಲು ಹೊಡೆದವನು ಹೆಚ್ಚುಕಮ್ಮಿ ಮುಕ್ಕಾಲು ಪಾಲು ಪಂದ್ಯ ಗೆಲ್ಲುತ್ತಾನೆ. ನಾಣ್ಯ ಹಾರಿಸಿ ಆರಂಭಿಸಿ, ಇಲ್ಲವೇ ಇಬ್ಬರ ಏಟನ್ನೂ ಎಣಿಸಿಕೊಂಡು ಒಟ್ಟಿಗೆ ಕಳೆಯಿರಿ. ಎರಡನೆಯ ದಾರಿಯಲ್ಲಿ ಇಬ್ಬರೂ ಸಾಯಬಹುದು, ಅದಕ್ಕೊಂದು ನಿಯಮ ಬೇಕು. ಬಗ್ ಹುಡುಕುವಾಗ ರ್‍ಯಾಂಡಮ್‌ಗೆ ಸೀಡ್ (ಆರಂಭಕ್ಕೊಂದು ನಿಗದಿತ ಸಂಖ್ಯೆ) ಕೊಟ್ಟುಬಿಡಿ, ಅದೇ ಪಂದ್ಯ ಮತ್ತೆ ಬರುತ್ತದೆ. ಕವಚ ಸವೆಯುವ ಲೆಕ್ಕವನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ, ನಮ್ಮ ಹುಡುಗರ ಆಟಕ್ಕೆ ರುಚಿ ಬಂದದ್ದೇ ಅದರಿಂದ.

ನಡುವೆ ಒಂದು ಚಟ: ಹೆಸರುಗಳನ್ನೆಲ್ಲ ಕನ್ನಡದಲ್ಲೇ ಬರೆಯುವುದು. ಪೈಥಾನ್ 3 ಒಪ್ಪುತ್ತದೆ. ಮಲ್ಲ, ಪ್ರಾಣ, ಹೊಡೆ ಎಲ್ಲ ಓಡಿದವು, ‘ಗೇಮ್‌ಬೋರ್ಡ್’ ಕೆಟ್ಟಿತು. ‘ಮ್’ ಮುಂದಿನ ಅಕ್ಷರಕ್ಕೆ ಒತ್ತಾಗದಂತೆ ಕೀಬೋರ್ಡು ನಡುವೆ ಕಾಣದ ಚಿಹ್ನೆಯೊಂದನ್ನು ಹಾಕಿರುತ್ತದೆ, ಪೈಥಾನ್ ಅದನ್ನು ಹೆಸರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಅಂಥಲ್ಲಿ ಅಂಡರ್‌ಸ್ಕೋರ್ ಹಾಕಿ, ಇಲ್ಲವೇ ‘ಕಣ’ ಅಂತ ಬರೆಯಿರಿ.