ಮೂರು ಜಿಲ್ಲೆಗಳ ಸಾಕ್ಷರತೆಯನ್ನು ಎಕ್ಸೆಲ್ ಚಾರ್ಟಿನಲ್ಲಿ ತೋರಿಸುವ ಕ್ರಮ

ಯಾದಗಿರಿಯು 2009ರ ಡಿಸೆಂಬರ್‌ನಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದ ಕಾರಣ, 2011ರ ಜನಗಣತಿಯಲ್ಲಿ ಬೀದರ್, ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಸಾಕ್ಷರತೆಯ ಪ್ರಮಾಣ ಬೇರೆ ಬೇರೆಯಾಗಿಯೇ ದೊರೆಯುತ್ತದೆ. ಶಾಲೆಯ ಗೋಡೆಗೋ ಗ್ರಾಮಸಭೆಗೋ ಚಾರ್ಟ್ ಸಿದ್ಧಪಡಿಸುವವರು ಈ ಅಂಕಿಗಳಿಂದಲೇ ಅಭ್ಯಾಸ ಮಾಡಬಹುದು.

ಮೊದಲು ಕೋಷ್ಟಕವನ್ನು ಸರಿಯಾಗಿ ಹಾಕಿಕೊಳ್ಳಬೇಕು. ಎ1 ಕೋಶವನ್ನು ಖಾಲಿ ಬಿಟ್ಟು, ಬಿ1ರಲ್ಲಿ ‘ಪುರುಷರು’, ಸಿ1ರಲ್ಲಿ ‘ಮಹಿಳೆಯರು’ ಎಂದು ಬರೆಯಿರಿ. ಕೆಳಗಿನ ಮೂರು ಸಾಲುಗಳಲ್ಲಿ ಜಿಲ್ಲೆಯ ಹೆಸರನ್ನು ಎ ಕಾಲಂನಲ್ಲಿ ಬರೆದು, ಅದರ ಮುಂದೆ ಬೀದರ್‌ಗೆ 79.09 ಮತ್ತು 61.55, ಕಲಬುರಗಿಗೆ 74.38 ಮತ್ತು 55.09, ಯಾದಗಿರಿಗೆ 62.25 ಮತ್ತು 41.38 ಎಂದು ತುಂಬಿರಿ. ಅಂಕಿಯ ಪಕ್ಕದಲ್ಲಿ ‘ಶೇ.’ ಎಂದು ಸೇರಿಸಬಾರದು. ಸೇರಿಸಿದರೆ ಎಕ್ಸೆಲ್ ಅದನ್ನು ಸಂಖ್ಯೆಯೆಂದು ಓದದೆ ಅಕ್ಷರವೆಂದು ಓದುತ್ತದೆ, ಆ ಕಂಬ ಏಳುವುದೇ ಇಲ್ಲ. ಹೆಸರುಗಳನ್ನು ಯೂನಿಕೋಡ್‌ನಲ್ಲಿಯೇ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರಸಂಕೇತದಲ್ಲಿಯೇ, ಟೈಪ್ ಮಾಡಿ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬರೆದದ್ದು ಕೋಶದಲ್ಲಿ ಕನ್ನಡವಾಗಿ ಕಂಡರೂ ಚಾರ್ಟಿನೊಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತದೆ. ನಮ್ಮ ಕಡೆಯ ಕಚೇರಿ ಕಡತಗಳಲ್ಲಿ ನಾನು ಅತಿ ಹೆಚ್ಚು ತಿದ್ದಿರುವ ತಪ್ಪು ಇದೇ.

ಬಳಿಕ ಎ1ರಿಂದ ಸಿ4ರವರೆಗೆ ಆಯ್ಕೆ ಮಾಡಿ, ‘ಇನ್ಸರ್ಟ್’ ಟ್ಯಾಬಿನಲ್ಲಿರುವ ಕಾಲಂ ಚಾರ್ಟ್‌ಗಳ ಪೈಕಿ ‘ಕ್ಲಸ್ಟರ್ಡ್ ಕಾಲಂ’ ಎಂಬುದನ್ನು ಒತ್ತಿರಿ. ಇಲ್ಲಿ ಪೈ ಚಾರ್ಟ್ ಹೊಂದುವುದಿಲ್ಲ, ಏಕೆಂದರೆ ಮೂರು ಜಿಲ್ಲೆಗಳ ಶೇಕಡಾ ಪ್ರಮಾಣಗಳು ಒಂದೇ ಇಡಿಯ ತುಂಡುಗಳಲ್ಲ. ರೇಖೆಯ ಚಾರ್ಟೂ ಬೇಡ. ಅದು ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತಕ್ಕೆ ತಕ್ಕದ್ದು.

ಈಗ ಪ್ರತಿ ಜಿಲ್ಲೆಗೆ ಎರಡು ಕಂಬಗಳು ಜೊತೆಯಾಗಿ ನಿಂತು, ಪುರುಷರಿಗೂ ಮಹಿಳೆಯರಿಗೂ ಇರುವ ಅಂತರವನ್ನು ತೋರಿಸುತ್ತವೆ. ಮೂರು ಜಿಲ್ಲೆಗಳ ಮಹಿಳೆಯರನ್ನು ಪರಸ್ಪರ ಹೋಲಿಸುವುದೇ ಉದ್ದೇಶವಾಗಿದ್ದರೆ ‘ಚಾರ್ಟ್ ಡಿಸೈನ್’ ಟ್ಯಾಬಿನ ‘ಸ್ವಿಚ್ ರೋ/ಕಾಲಂ’ ಒತ್ತಿದರೆ ಸಾಕು. ನನ್ನ ಮಟ್ಟಿಗೆ ಮೊದಲನೆಯ ಜೋಡಣೆಯೇ ಹೆಚ್ಚು ಹೇಳುತ್ತದೆ: ಬೀದರ್‌ನಲ್ಲಿ 17.54ರಷ್ಟಿರುವ ಅಂತರವು ಯಾದಗಿರಿಯಲ್ಲಿ 20.87ಕ್ಕೆ ಹಿಗ್ಗಿರುವುದು ಅದರಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಲಂಬ ಅಕ್ಷದ ವಿಷಯದಲ್ಲಿ. ಕಂಬಗಳ ವ್ಯತ್ಯಾಸ ಎದ್ದು ಕಾಣಲೆಂದು ನಾನೊಮ್ಮೆ ಅಕ್ಷವನ್ನು 40ರಿಂದ ಆರಂಭಿಸಿದ್ದೆ. ಯಾದಗಿರಿಯ ಮಹಿಳೆಯರ ಕಂಬ ನೆಲಕ್ಕಂಟಿದ ಗೆರೆಯಂತಾಗಿ, ಬೀದರ್‌ನ ಪುರುಷರ ಕಂಬ ಅದರ ಇಪ್ಪತ್ತೆಂಟು ಪಟ್ಟು ಎತ್ತರ ನಿಂತಿತು. ನಿಜದಲ್ಲಿ ಅದು ಎರಡು ಪಟ್ಟೂ ಇಲ್ಲ. ಯಾದಗಿರಿಯಲ್ಲಿ ಓದುಬರಹ ಬಲ್ಲ ಹೆಣ್ಣುಮಕ್ಕಳೇ ಇಲ್ಲವೇನೋ ಎಂದು ನೋಡಿದವರೊಬ್ಬರು ಕೇಳಿದಾಗ ನನಗೆ ತಪ್ಪು ತಿಳಿಯಿತು. ಆದ್ದರಿಂದ ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ, ‘ಫಾರ್ಮ್ಯಾಟ್ ಆಕ್ಸಿಸ್’ ತೆರೆದು, ‘ಮಿನಿಮಮ್’ 0 ಮತ್ತು ‘ಮ್ಯಾಕ್ಸಿಮಮ್’ 100 ಎಂದು ನೀವೇ ನಮೂದಿಸಿರಿ.

ಕೊನೆಯದಾಗಿ ಚಾರ್ಟಿನ ಪಕ್ಕದ ಕೂಡುಚಿಹ್ನೆಯನ್ನು ಒತ್ತಿ ‘ಡೇಟಾ ಲೇಬಲ್ಸ್’ ಸೇರಿಸಿ, ಶೀರ್ಷಿಕೆಯಲ್ಲಿ ‘ಸಾಕ್ಷರತೆ, ಶೇಕಡಾವಾರು, ಜನಗಣತಿ 2011’ ಎಂದು ಬರೆಯಿರಿ. ಝೆರಾಕ್ಸ್ ಪ್ರತಿ ತೆಗೆಯುವುದಿದ್ದರೆ ಕೆಂಪು, ಹಸಿರು ಎರಡೂ ಒಂದೇ ಬೂದುಬಣ್ಣವಾಗಿ ಬರುವ ಸಂಭವವಿರುವುದರಿಂದ, ಒಂದು ಕಂಬಕ್ಕೆ ಗಾಢ ನೀಲಿಯನ್ನೂ ಇನ್ನೊಂದಕ್ಕೆ ತಿಳಿ ಹಳದಿಯನ್ನೂ ಕೊಡಿ.