ಬಟವಾಡೆ ಲೆಕ್ಕದಲ್ಲಿ ಅನ್‌ಡಿಫೈನ್ಡ್: ನನ್ನ ಅನುಭವ

ಮೂಡಿಗೆರೆ ಸುತ್ತಿನ ಮೂರ್ನಾಲ್ಕು ಕಾಫಿ ತೋಟಗಳ ಬಟವಾಡೆ ಲೆಕ್ಕವನ್ನು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟಿದ್ದೇನೆ. ತೂಕದ ಕಾಲಂನಲ್ಲಿ ‘ಇಲ್ಲ’ ಎಂಬುದನ್ನು ಮೂರು ಬಗೆಯಾಗಿ ಇಡುತ್ತೇನೆಂದಾಗ ಜೊತೆಯ ಪ್ರೋಗ್ರಾಮರ್‌ಗಳು ಒಪ್ಪದೆ, ಖಾಲಿ ಇದ್ದಲ್ಲೆಲ್ಲ ಸೊನ್ನೆ ತುಂಬಿದರೆ ಸಾಕು ಎಂದಿದ್ದರು. ಕಳೆದ ಕೊಯ್ಲು ಪೂರ್ತಿ ಆ ಲೆಕ್ಕ ತಕರಾರಿಲ್ಲದೆ ನಡೆದಿರುವುದರಿಂದ ಈಗ ಬರೆಯುತ್ತಿದ್ದೇನೆ.

ಸೊನ್ನೆ ತುಂಬುವ ಹಳೆಯ ಪ್ಯಾಕೇಜೊಂದು ಒಂದು ತೋಟದಲ್ಲಿ ಮೊದಲೇ ಇತ್ತು. ಹಣ್ಣು ಕೊಯ್ದಿದ್ದರೂ ತೂಕದ ಚೀಟಿ ತಡವಾದವರಿಗೆ ಅದು ಕೂಲಿಯನ್ನೇ ತೋರಿಸುತ್ತಿರಲಿಲ್ಲ. ಅದನ್ನು ಸರಿಪಡಿಸಲು ಬಂದವರು, ತೂಕ ಅನ್‌ಡಿಫೈನ್ಡ್ (ಮೌಲ್ಯವನ್ನೇ ಕೊಟ್ಟಿಲ್ಲ ಎಂಬ ಗುರುತು) ಆಗಿದ್ದರೆ ದಿನಗೂಲಿ ಕೊಡು ಎಂದು ಬರೆದರು. ತೂಕದ ಲೆಕ್ಕವಿಲ್ಲದ, ಚಿಗುರು ತೆಗೆಯಲು ಹೋದವರಿಗೆ ಅದು ಸರಿಯಾಯಿತು. ಚೀಟಿ ಬಾಕಿಯಿದ್ದ ಕೊಯ್ಲಿನವರಿಗೆ ಮಾತ್ರ ಈ ವಾರ ದಿನಗೂಲಿ, ಮುಂದಿನ ವಾರ ಕಿಲೋ ಲೆಕ್ಕ, ಹೀಗೆ ಎರಡೆರಡು ಸಲ ಹಣ ಹೋಯಿತು. ಕೊಯ್ಲಿನ ಭರಾಟೆಯಲ್ಲಿ ವಾರಕ್ಕೆ ಹೆಚ್ಚುಕಡಿಮೆ 8,000 ರೂಪಾಯಿ ಸೋರುತ್ತಿತ್ತೆಂದು ನೆನಪು.

ಹೆಸರು (ಕೀ) ಮತ್ತು ಅದರ ಮೌಲ್ಯ (ವ್ಯಾಲ್ಯೂ) ಜೋಡಿಯಾಗಿರುವ ಆಬ್ಜೆಕ್ಟಿನಲ್ಲಿ ಕೀ ಇಲ್ಲದಿದ್ದರೂ, ಕೀ ಇದ್ದು ವ್ಯಾಲ್ಯೂ ಕೊಡದಿದ್ದರೂ ಓದಿದಾಗ ಬರುವ ಉತ್ತರ ಅನ್‌ಡಿಫೈನ್ಡ್ ಒಂದೇ. ಕೀ ಇದೆಯೇ ಎಂದು ‘ಇನ್’ ಬಳಸಿ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ, ನಿಜ. ಆದರೆ ತೋಟದೊಳಗೆ ಸಿಗ್ನಲ್ ಇಲ್ಲದ್ದರಿಂದ ಮೇಸ್ತ್ರಿಯ ಫೋನಿನಲ್ಲಿ ಕೂಡಿಟ್ಟ ದಾಖಲೆ ಸಂಜೆ ಜೇಸನ್ ಎಂಬ ಪಠ್ಯ ರೂಪದಲ್ಲಿ ಆಫೀಸಿಗೆ ಬರುತ್ತದೆ, ಹಾಗೆ ಪಠ್ಯವಾಗಿಸುವ ಸ್ಟ್ರಿಂಗಿಫೈ ಆಗುವಾಗ ಅನ್‌ಡಿಫೈನ್ಡ್ ಇರುವ ಕೀ ಯಾವ ಎರರ್ ಕೂಡ ಕೊಡದೆ ಉದುರಿಹೋಗುತ್ತದೆ. ಸದ್ಯ ಖಾಲಿ ಎಂದು ನಾವೇ ಬೇಕೆಂದು ಇಡುವ ನಲ್ ಉದುರುವುದಿಲ್ಲ. ಆದ್ದರಿಂದ ಕೊಯ್ಲಿಗೆ ಹೋಗದವರ ದಾಖಲೆಯಲ್ಲಿ ‘ಕಿಲೋ’ ಎಂಬ ಕೀಯನ್ನೇ ಇಡಲಿಲ್ಲ, ಚೀಟಿ ಬಾಕಿಯಿದ್ದವರಿಗೆ ಅದರಲ್ಲಿ ನಲ್ ಇಟ್ಟೆ, ಮಳೆ ಬಂದು ಕೊಯ್ಲು ನಿಂತು ನಿಜವಾಗಿಯೂ ಏನೂ ಸಿಗದ ದಿನಕ್ಕೆ ಮಾತ್ರ ಸೊನ್ನೆ. ಆಫೀಸಿನ ಕಡೆ ವ್ಯಾಲ್ಯೂ ಓದುವ ಮೊದಲು ಕೀ ಇದೆಯೇ ಎಂದು ನೋಡುತ್ತೇನೆ. 2020ರಲ್ಲಿ ಭಾಷೆಗೆ ಸೇರಿದ, ಖಾಲಿಯಿದ್ದರೆ ಬದಲಿ ಮೌಲ್ಯ ಕೊಡುವ ಜೋಡಿ ಪ್ರಶ್ನಾರ್ಥಕ ಚಿಹ್ನೆ (??) ನಲ್ ಮತ್ತು ಅನ್‌ಡಿಫೈನ್ಡ್ ಎರಡನ್ನೂ ಒಂದೇ ಎಂದು ಎಣಿಸುವುದರಿಂದ ಈ ಜಾಗದಲ್ಲಿ ಅದನ್ನು ಮುಟ್ಟುವುದಿಲ್ಲ.

ಒಬ್ಬರ ಹಲವು ಚೀಲಗಳ ತೂಕವನ್ನು ಅರೇ ಎಂಬ ಪಟ್ಟಿಯಲ್ಲಿಟ್ಟೂ ನೋಡಿದೆ. ಜೇಸನ್ ಆಗುವಾಗ ಅಲ್ಲಿ ಅನ್‌ಡಿಫೈನ್ಡ್ ಉದುರದೆ ನಲ್ ಆಗಿಬಿಡುತ್ತದೆ, ಖಾಲಿ ಸ್ಥಾನಕ್ಕೂ ಬಾಕಿ ಚೀಟಿಗೂ ಭೇದ ಉಳಿಯುವುದಿಲ್ಲ, ಹಾಗಾಗಿ ಕೈಬಿಟ್ಟೆ. ಕೋಡಿನಲ್ಲಿ ಡಿಕ್ಲೇರ್ ಮಾಡದ ಹೆಸರಿಗೂ, ಮೌಲ್ಯದ ಬಗೆ ಹೇಳುವ ಟೈಪ್‌ಆಫ್ ‘ಅನ್‌ಡಿಫೈನ್ಡ್’ ಎಂದೇ ಹೇಳುವ ಕಾರಣ ಹಳೆಯ ಕೋಡಿನಲ್ಲಿದ್ದ ಅಂಥ ಪರೀಕ್ಷೆಗಳನ್ನೆಲ್ಲ ಕಿತ್ತುಹಾಕಿದೆ. ಆಮೇಲೆ, ಇಲ್ಲದ ಹೆಸರನ್ನು ಬಳಸಿದಾಗ ಕೊಡುವ ರೆಫರೆನ್ಸ್ ಎರರ್ ಬಂದು, ಸ್ಪೆಲಿಂಗ್ ತಪ್ಪಿದ್ದ ಹೆಸರುಗಳು ಒಂದೊಂದಾಗಿ ಸಿಕ್ಕವು.

ಹಳೆಯ ಪ್ಯಾಕೇಜ್ ಇದ್ದ ಆ ತೋಟದವರಿಂದ ಪಡೆದದ್ದು 15,000 ರೂಪಾಯಿಯ ಆಸುಪಾಸು, ಸೋರಿಕೆ ನಿಂತದ್ದರಿಂದ ಎರಡೇ ವಾರದಲ್ಲಿ ಅವರಿಗೆ ಅದು ಹುಟ್ಟಿತು. ಎರಡು ಫೋನುಗಳಿಂದ ಒಬ್ಬರದೇ ಚೀಟಿ ಬಂದಾಗ ಯಾವುದನ್ನು ಉಳಿಸಿಕೊಳ್ಳುತ್ತೇನೆ ಎಂಬ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.